ತಂತಿಯ ರೋಧ ನಗಣ್ಯ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ವಿದ್ಯುತ್ತಿನ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ಒಂದು ಕೋಶ, ಒಂದು ಬಲ್ಬು, ನಡುವೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ತಂತಿಯ ರೋಧ ನಗಣ್ಯ ಎಂದು ಭಾವಿಸಿ’ ಎಂದು ಬರೆಯುತ್ತಿದ್ದೆ. ಮಕ್ಕಳು ಭಾವಿಸುತ್ತಿದ್ದರು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಯಾಕ್ ಸಾರ್ ಭಾವಿಸ್ಬೇಕು?” ಎಂದ. “ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದೆ. ಹುಡುಗ ಕೂತ. ತಂತಿ ಕೂರಲಿಲ್ಲ. ನಾನು ನಿವೃತ್ತನಾಗುವವರೆಗೆ ಕಾದಿದ್ದು, ಮೈಸೂರಿನ ಕುವೆಂಪುನಗರದ ನಮ್ಮ ಮನೆ ಮುಂದೆ, ಹದಿನೆಂಟು ವರ್ಷದ ನಮ್ಮ ಕಾರಿನ ಹೊಟ್ಟೆಯೊಳಗೆ ಸೇಡು ತೀರಿಸಿಕೊಂಡಿತು.

ಅವತ್ತು ಹೆಂಡತಿಯ ಅಣ್ಣನ ಮಗಳ ಮದುವೆ. ಅವಳು ರೇಷ್ಮೆ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಕೀ ತಿರುಗಿಸಿದೆ. ‘ಕಟ್’ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ‘ಕಟ್’. ಹಾರ್ನ್ ಒತ್ತಿದರೆ ಬೀದಿನಾಯಿ ಬೆಚ್ಚಿ ಎದ್ದಿತು. ಹೆಡ್‌ಲೈಟ್ ಹಾಕಿದರೆ ಎದುರುಗೋಡೆ ಬೆಳ್ಳಗಾಯಿತು. ಸೆಲ್ಫ್ ಮಾತ್ರ ಹೊಡೆಯಲೊಲ್ಲದು.

ಬಾನೆಟ್ ಎತ್ತಿದೆ. ನಮ್ಮ ಬೀದಿಯಲ್ಲಿ ಬಾನೆಟ್ ಎತ್ತುವುದೂ ಹಾವಾಡಿಗ ಬುಟ್ಟಿಯ ಮುಚ್ಚಳ ತೆಗೆಯುವುದೂ ಒಂದೇ. ಪೇಪರಿನ ಹುಡುಗ ಸೈಕಲ್ ನಿಲ್ಲಿಸಿದ. ಸೊಪ್ಪಿನವಳು ಬುಟ್ಟಿ ಇಳಿಸಿ, “ಬ್ಯಾಟ್ರಿ ಹೋಗೈತೆ ಬುಡಿ” ಎಂದಳು. ಎದುರುಮನೆಯ ಯಜಮಾನರು ಕಾಲುವೆ ಕಟ್ಟಿಸಿಯೇ ನಿವೃತ್ತರಾದ ಎಂಜಿನಿಯರು. ಅವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಡ್ಯಾಮಿನಲ್ಲಿ ನೀರಿಲ್ಲ ಮೇಷ್ಟ್ರೇ, ಅಷ್ಟೇ. ಹೊಸಾ ಬ್ಯಾಟರಿ ಹಾಕಿಸಿ” ಎಂದು ಷರಾ ಬರೆದರು.

ಇಷ್ಟರಲ್ಲಿ ಹೆಂಡತಿಯೂ ಇಳಿದು ಬಂದಿದ್ದಳು. ಸೆರಗು ಹಿಡಿದುಕೊಂಡು ಬಗ್ಗಿ, “ರೀ, ಈ ಕೆಂಪು ವೈರಿನ ಬುಡದಲ್ಲಿ ಕಿಲುಬು ಹಿಡಿದಿದೆಯಲ್ಲ. ದೇವರಮನೆ ತಾಮ್ರದ ಚೊಂಬಿಗೆ ಹಿಡಿಯತ್ತಲ್ಲ, ಥೇಟ್ ಅದೇ” ಎಂದಳು.

“ಅದಕ್ಕೂ ಇದಕ್ಕೂ ಸಂಬಂಧವಿಲ್ಲ” ಎಂದೆ, ತರಗತಿಯ ದನಿಯಲ್ಲಿ.

ಕೈಯಿಂದ ಹ್ಯಾಂಡಲ್ ತಿರುವಿ ಕಾರು ಎಬ್ಬಿಸುವ ಕಷ್ಟ ತಪ್ಪಲೆಂದು ಚಾರ್ಲ್ಸ್ ಕೆಟರಿಂಗ್ ಎಂಬಾತ ರೂಪಿಸಿದ ಸೆಲ್ಫ್ ಸ್ಟಾರ್ಟರನ್ನು ಅಮೆರಿಕದ ಕ್ಯಾಡಿಲಾಕ್ ಕಾರಿಗೆ 1912ರಲ್ಲೇ ಅಳವಡಿಸಿದ್ದರು. ನಮ್ಮ ಬೀದಿ ಅವತ್ತು 1911ಕ್ಕೆ ವಾಪಸಾಯಿತು. ಎಂಜಿನಿಯರು, ಪೇಪರಿನ ಹುಡುಗ ಮತ್ತು ಇಬ್ಬರು ದಾರಿಹೋಕರು ತಳ್ಳಿದರು. ಸೊಪ್ಪಿನವಳು “ಐಸಾ” ಎಂದಳು. ಮುಹೂರ್ತ ತಪ್ಪಿದರೂ ಊಟ ತಪ್ಪಲಿಲ್ಲ.

ಮಾರನೆಯ ದಿನ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಮೂರು ದಿನ ಕಾರು ಕರುವಿನ ಹಾಗೆ ಚಂಗನೆ ಹಾರಿತು. ನಾಲ್ಕನೆಯ ದಿನ, ‘ಕಟ್’. ಬ್ಯಾಟರಿ ಕೂರಿಸುವ ಹುಡುಗ ಟರ್ಮಿನಲನ್ನು ಉಜ್ಜಿ ಬಿಗಿ ಮಾಡಿದ್ದನಲ್ಲ, ಆ ಉಜ್ಜಿದ ಪುಣ್ಯ ಮೂರು ದಿನಕ್ಕೆ ಸಾಕಾಗಿತ್ತು. ಇದು ಆಮೇಲೆ ಹೊಳೆದದ್ದು.

ಆಗ ನನ್ನೊಳಗಿನ ಮೇಷ್ಟ್ರು ಎದ್ದ. ಮಲ್ಟಿಮೀಟರ್ ತಂದೆ. ಬ್ಯಾಟರಿಗೆ ಮುಟ್ಟಿಸಿದರೆ 12.6 ವೋಲ್ಟ್, ನೂರಕ್ಕೆ ನೂರು ಅಂಕ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಆ ಕೆಂಪು ಕೇಬಲ್ ಹೋಗಿ ಸೇರುವ ಸೆಲ್ಫ್ ಮೋಟಾರಿನ ಬೋಲ್ಟಿಗೂ ಹಿಡಿದೆ. ಒಂದೇ ತಂತಿಯ ಎರಡು ತುದಿ. ಕೀ ತಿರುಗಿಸುವ ಕೆಲಸ ಹೆಂಡತಿಯದು. ಕಾಣಬೇಕಾದದ್ದು ಹೆಚ್ಚೆಂದರೆ ಅರ್ಧ ವೋಲ್ಟ್. ಕಂಡದ್ದು ನಾಲ್ಕು ಚಿಲ್ಲರೆ.

“ಸಿಕ್ತು!” ಎಂದು ಕೂಗಿದೆ.

“ಏನು ಸಿಕ್ತು?”

“ವಿಭವಾಂತರ!”

“ಅದ್ಯಾವಾಗ ಕಳೆದುಹೋಗಿತ್ತು?”

ಸೆಲ್ಫ್ ಮೋಟಾರು ಎಂಜಿನ್ ತಿರುಗಿಸುವ ಗಳಿಗೆಯಲ್ಲಿ ನೂರು ಆಂಪಿಯರಿಗೂ ಮೇಲ್ಪಟ್ಟು ಎಳೆಯುತ್ತದೆ. ತಂತಿಯ ರೋಧ ಬರೀ 0.04 ಓಮ್ ಇದ್ದರೂ ದಾರಿಯಲ್ಲೇ ನಾಲ್ಕು ವೋಲ್ಟ್ ಗುಳುಂ. ಹೆಡ್‌ಲೈಟಿಗೆ ಬೇಕಾದದ್ದು ಹತ್ತು ಆಂಪಿಯರಿನಷ್ಟು. ಅಷ್ಟೇ ರೋಧ ಅದರ ದಾರಿಯಲ್ಲಿದ್ದರೂ ಅರ್ಧ ವೋಲ್ಟೂ ಸೋರದು. ಆದ್ದರಿಂದಲೇ ದೀಪ ಉರಿಯುತ್ತದೆ, ಹಾರ್ನ್ ಅರಚುತ್ತದೆ, ಬ್ಯಾಟರಿಗೆ ಕೆಟ್ಟ ಹೆಸರು ಬರುತ್ತದೆ. ಎಂಜಿನಿಯರಿಗೆ ಹೇಳಿದೆ: “ಡ್ಯಾಮು ತುಂಬಿದೆ ಸ್ವಾಮಿ, ಹೂಳು ತುಂಬಿರೋದು ಕಾಲುವೆಗೆ. ಕೊನೇ ಗದ್ದೆಗೆ ನೀರು ಬರಲಿಲ್ಲ ಅಂತ ನೀವು ಯಾವತ್ತಾದರೂ ಡ್ಯಾಮ್ ಬದಲಾಯಿಸಿದ್ದೀರಾ?” ಅವರು ಪಂಚೆ ಇಳಿಬಿಟ್ಟುಕೊಂಡು ಒಳಗೆ ಹೋದರು. ಸ್ವಲ್ಪ ಹೆಚ್ಚಾಯಿತೇನೋ.

ರಾತ್ರಿ ನಿದ್ದೆ ಬರಲಿಲ್ಲ. ಗಿಯಾರ್ಗ್ ಓಮ್ ನೆನಪಾದ. ಆತನೂ ನನ್ನ ಹಾಗೆ ಶಾಲೆಯ ಮೇಷ್ಟ್ರು, ಜರ್ಮನಿಯ ಕಲೋನ್ ಊರಿನಲ್ಲಿ. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ಯಾವುದು ಎಷ್ಟು ತಡೆಯುತ್ತದೆ ಎಂದು ಅಳೆದೂ ಅಳೆದೂ 1827ರಲ್ಲಿ ಪುಸ್ತಕ ತಂದ. ತಂತಿಯ ರೋಧ ನಗಣ್ಯ ಎಂದು ಆತ ಭಾವಿಸಿದ್ದರೆ ಅಳೆಯಲು ಏನಿತ್ತು? ಅಂಥವನ ಹೆಸರಿನ ಪಾಠದಲ್ಲೇ ನಾನು ಮೂವತ್ತೊಂದು ವರ್ಷ ಆ ವಾಕ್ಯ ಬರೆಸಿದ್ದೆ.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಮೊದಲು ಕೈಬೆರಳಿನ ನೀಲದ ಉಂಗುರ ತೆಗೆದೆ. ಅದು ಶನಿಕಾಟಕ್ಕೆಂದು ಜೋಯಿಸರು ಹಾಕಿಸಿದ್ದು, ಸ್ನಾನಕ್ಕೂ ತೆಗೆಯುವಂತಿಲ್ಲ. ಹೆಂಡತಿ ಹೌಹಾರಿದಳು. ಪಾಸಿಟಿವ್ ಕಂಬಕ್ಕೂ ಕಾರಿನ ತಗಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಡವಾಗಿ ಬೆರಳನ್ನೇ ಸುಡುತ್ತದೆ, ಈಗ ಶನಿಗಿಂತ ಶಾರ್ಟ್ ಸರ್ಕ್ಯೂಟ್ ದೊಡ್ಡದು ಎಂದು ಸಮಾಧಾನ ಹೇಳಿದೆ.

ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ನೆಗೆಟಿವ್ ಬಿಚ್ಚತೊಡಗಿದೆ. ಎದುರುಮನೆಯವರಿಗೆ ತಡೆಯಲಾಗಲಿಲ್ಲ, ಕಾಂಪೌಂಡಿನಿಂದಲೇ, “ಕೆಟ್ಟಿರೋದು ಪಾಸಿಟಿವ್, ನೀವು ನೆಗೆಟಿವ್ ಬಿಚ್ತಾ ಇದ್ದೀರಲ್ಲ!” ಎಂದರು. ಕಾರಿನ ಇಡೀ ಮೈಯೇ ನೆಗೆಟಿವ್. ಅದನ್ನು ಬಿಚ್ಚದೆ ಪಾಸಿಟಿವ್ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದರ ಬಾಲ ತಗಡಿಗೆ ತಾಕಿತೋ, ದೀಪಾವಳಿ. ಬೀಗರ ಪೈಕಿ ಕೊಂಕು ತೆಗೆಯುವ ಹಿರಿಯರೊಬ್ಬರು ಇರುತ್ತಾರಲ್ಲ, ನೆಗೆಟಿವ್ ಹಾಗೆ: ಕಳಿಸುವಾಗ ಅವರನ್ನು ಮೊದಲು ಕಳಿಸಬೇಕು, ಕರೆಯುವಾಗ ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಕರೆಯಬೇಕು.

ಪಾಸಿಟಿವ್ ತುದಿ ಬಿಚ್ಚಿ, ಸೆಲ್ಫ್ ಮೋಟಾರಿನ ಕಡೆಯ ನಟ್ಟಿಗೆ ಕೈ ಹಾಕಿದೆ. ಆ ಜಾಗದಲ್ಲಿ ಕೈ ಹೋದರೆ ಕಣ್ಣು ಹೋಗುವುದಿಲ್ಲ, ಕಣ್ಣು ಹೋದರೆ ಕೈ ಹೋಗುವುದಿಲ್ಲ. ನಟ್ಟು ಬಿಚ್ಚಿಕೊಂಡಿತು, ಟಣ್ ಎಂದು ಎಲ್ಲೋ ಬಿದ್ದು ಮಾಯವಾಯಿತು. ಅಟ್ಟದ ಮೇಲಿದ್ದ ಲಾಳಾಕಾರದ ಅಯಸ್ಕಾಂತಕ್ಕೆ ದಾರ ಕಟ್ಟಿ ಮೀನಿಗೆ ಗಾಳ ಹಾಕಿದಂತೆ ಇಳಿಬಿಟ್ಟೆ. ಅಯಸ್ಕಾಂತಕ್ಕೆ ಕಾರಿನ ಎಲ್ಲ ಭಾಗಗಳ ಮೇಲೂ ಸಮಾನ ಪ್ರೀತಿ. ಕಂಡಕಂಡಲ್ಲಿ ತಬ್ಬಿಕೊಂಡು ಮುಕ್ಕಾಲು ಗಂಟೆ ಆಟವಾಡಿಸಿ, ಕೊನೆಗೆ ನಟ್ಟನ್ನು ಕಚ್ಚಿಕೊಂಡು ಮೇಲೆ ಬಂತು.

ಹಳೇ ಕೇಬಲನ್ನು ಬ್ಲೌಸ್ ಪೀಸಿಗೆ ಸೀರೆ ಒಯ್ಯುವ ಹಾಗೆ ಚೀಲದಲ್ಲಿಟ್ಟುಕೊಂಡು ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. “25 ಸ್ಕ್ವೇರ್ ಹಾಕ್ತೀನಿ ಸಾರ್” ಎಂದ ಅಂಗಡಿಯ ಹುಡುಗ. ದಪ್ಪ ಹೆಚ್ಚಿದಷ್ಟೂ ರೋಧ ಕಡಿಮೆ, ಉದ್ದ ಹೆಚ್ಚಿದಷ್ಟೂ ಜಾಸ್ತಿ ಎಂದು ನಾನು ವಿವರಿಸತೊಡಗಿದೆ. ಅವನು ಕೇಳಿಸಿಕೊಳ್ಳದೆ ಹಳೇ ಕೇಬಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದ. ಹೊರಗೆ ಕೆಂಪು ಕೋಟು ನೆಟ್ಟಗಿತ್ತು. ಒಳಗೆ ಬ್ಯಾಟರಿ ಕಡೆಯ ಗೇಣುದ್ದ ಹಸಿರು ಹಿಟ್ಟು; ಎಳೆಗಳು ಒಣ ಶ್ಯಾವಿಗೆಯ ಹಾಗೆ ಪುಡಿಪುಡಿಯಾದವು. “ಕಿಲುಬು ಸಾರ್” ಎಂದ. ಆ ಶಬ್ದ ನನಗೆ ಹೊಸದಾಗಿರಲಿಲ್ಲ. ಹೊಸ ತಾಮ್ರದ ತಂತಿಯ ತುದಿಗೆ ಲಗ್ ತೊಡಿಸಿ, ಪ್ರೆಸ್ಸಿನಲ್ಲಿ ಅಮುಕಿ, ಮೇಲೆ ಸ್ಲೀವ್ ಏರಿಸಿ ಬೆಂಕಿ ತೋರಿಸಿ ಕೊಟ್ಟ. ಬ್ಯಾಟರಿಗೆ ಕೊಟ್ಟ ದುಡ್ಡಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಈ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಕಂಬದ ಮೇಲಿನ ಕಿಲುಬಿಗೆ ಹೆಂಡತಿ ಹುಣಸೆಹಣ್ಣು ತಂದಳು. ಆಸಿಡ್ಡಿನಿಂದ ಆದ ಕಿಲುಬಿಗೆ ಹುಳಿಯಲ್ಲ, ಅಡುಗೆ ಸೋಡ ಬೇಕು ಎಂದೆ. ಬಿಸಿನೀರಿನಲ್ಲಿ ಕದಡಿ ಸುರಿದರೆ ಬುಸ್ಸೆಂದು ನೊರೆಯೆದ್ದು ಕಂಬ ಹೊಳೆಯಿತು. ಇಡೀ ಪ್ರಕರಣದಲ್ಲಿ ನಾನು ಗೆದ್ದ ಒಂದೇ ವಾದ ಇದು, ದಾಖಲಾಗಲಿ. ಸಂಜೆಯ ಬೋಂಡ ಮಾತ್ರ ರದ್ದಾಯಿತು.

ಹೊಸ ಕೇಬಲ್ ಹಾಕಿ, ವ್ಯಾಸಲೀನ್ ಸವರಿ, ನೆಗೆಟಿವ್ ಮಹಾಶಯರನ್ನು ಕೊನೆಗೆ ಕರೆದು ಕೂರಿಸಿ, ಕೀ ತಿರುಗಿಸಿದೆ. ಈ ಸಲ ‘ಕಟ್’ ಕೂಡ ಇಲ್ಲ. ದೀಪವಿಲ್ಲ, ಹಾರ್ನಿಲ್ಲ, ಸಂಪೂರ್ಣ ಮೌನ. ಸ್ಪ್ಯಾನರ್ ಹಿಡಿದ ಕೈ ಬೆವರಿತು. ಎದುರುಮನೆಯವರು ನಿಧಾನಕ್ಕೆ ಗೇಟು ತೆಗೆದು ಬಂದು, ಬ್ಯಾಟರಿಯ ಹಿಂದೆ ಬೆರಳು ತೋರಿಸಿ, “ಇಲ್ಲೊಂದು ಉಪಕಾಲುವೆ ನೇತಾಡ್ತಾ ಇದೆಯಲ್ಲ ಮೇಷ್ಟ್ರೇ?” ಎಂದರು. ಪಾಸಿಟಿವ್ ಕ್ಲಾಂಪಿನಿಂದಲೇ ಫ್ಯೂಸ್ ಪೆಟ್ಟಿಗೆಗೆ ಹೋಗುವ ಸಣ್ಣ ತಂತಿ. ಅದನ್ನು ಸಿಕ್ಕಿಸಲು ಮರೆತಿದ್ದೆ. ಮತ್ತೆ ನೆಗೆಟಿವ್ ಬಿಚ್ಚಿ, ಅದನ್ನು ಸೇರಿಸಿ, ಮತ್ತೆ ನೆಗೆಟಿವ್ ಹಾಕಿ ಕೀ ತಿರುಗಿಸಿದೆ. ಅರ್ಧ ತಿರುವಿಗೇ ಗುರ್ರೆಂದಿತು. ಎಂಜಿನಿಯರು ಮೂರು ದಿನದ ನಂತರ ನಮ್ಮ ಮನೆಯ ಕಾಫಿ ಕುಡಿದರು.

ಸಂಜೆ ಅವರ ಮೊಮ್ಮಗಳು ಪುಸ್ತಕ ಹಿಡಿದು ಬಂದಳು. ಸೋಮವಾರ ಕಿರುಪರೀಕ್ಷೆಯಂತೆ. ಮೊದಲ ಲೆಕ್ಕವೇ: ಒಂದು ಕೋಶ, ಒಂದು ಬಲ್ಬು, ತಂತಿಯ ರೋಧ ನಗಣ್ಯ ಎಂದು ಭಾವಿಸಿ. ನಾನು ಎದ್ದು ಹೋಗಿ ಸೀಳಿದ ಹಳೇ ಕೇಬಲ್ ತಂದು ಅವಳ ಮುಂದಿಟ್ಟೆ, ಹಸಿರು ಹಿಟ್ಟು ತೋರಿಸಿದೆ, ನೂರು ಆಂಪಿಯರಿನ ಲೆಕ್ಕ ಹೇಳಿದೆ, ಓಮ್‌ನ ಕಥೆ ಹೇಳಿದೆ, ಅವನ ಪುಸ್ತಕವನ್ನು ಮೊದಮೊದಲು ಯಾರೂ ಮೆಚ್ಚಲಿಲ್ಲ ಎಂಬುದನ್ನೂ ಹೇಳಿದೆ. ಮುಕ್ಕಾಲು ಗಂಟೆಯಾಯಿತು. ಹುಡುಗಿ ತಾಳ್ಮೆಯಿಂದ ಕೇಳಿ, ಪೆನ್ಸಿಲ್ ಚೂಪು ಮಾಡಿಕೊಂಡು, “ಹಾಗಾದ್ರೆ ನಾಳೆ ಏನಂತ ಬರೀಲಿ, ತಾತ?” ಎಂದಳು.

ಅತ್ತಿತ್ತ ನೋಡಿದೆ. ಹೆಂಡತಿ ಒಳಗೆ ಚೊಂಬು ತಿಕ್ಕುತ್ತಿದ್ದಳು.

“ನಗಣ್ಯ ಅಂತಲೇ ಬರಿಯಮ್ಮ” ಎಂದೆ.