ಒಣ ಮಳೆಗಾಲ

ನವೆಂಬರ್ ತಿಂಗಳಲ್ಲಿ ಬೆಂಗಳೂರಿನಿಂದ ಮಿನಿಯಾಪೊಲಿಸ್‌ಗೆ ವಿಮಾನದ ಟಿಕೆಟ್ ಯಾಕೆ ಅಷ್ಟು ಅಗ್ಗ ಎಂದು ನಮ್ಮನೆಯವರು ಯೋಚಿಸಲೇ ಇಲ್ಲ. ಅವರು ಬಳ್ಳಾರಿಯವರು. ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲಗಳ ನಡುವೆ ಬೆಳೆದವರಿಗೆ ಅಗ್ಗದ ಮಾಲಿನಲ್ಲಿ ಹುಳುಕು ಹುಡುಕುವ ಬುದ್ಧಿ ಇರುತ್ತದೆ, ಹವಾಮಾನದಲ್ಲಿ ಹುಡುಕುವ ಬುದ್ಧಿ ಇರುವುದಿಲ್ಲ. ಹೀಗಾಗಿ ನಮ್ಮಮ್ಮ ಅಡಿಕೆ ಕೊಯ್ಲನ್ನು ಅಣ್ಣನ ಕುತ್ತಿಗೆಗೆ ಕಟ್ಟಿ, ಆಗುಂಬೆ ಘಾಟಿಯ ಪಕ್ಕದ ಹಳ್ಳಿಯಿಂದ ಹೊರಟು, ಸರಿಯಾಗಿ ಚಳಿಗಾಲದ ಬಾಗಿಲಿಗೇ ಬಂದಿಳಿದಳು. ಎರಡು ಸೂಟ್‌ಕೇಸಿನಲ್ಲಿ ಹಪ್ಪಳ, ವಾಟೆಹುಳಿ, ಒಂದು ಕರಿಕಂಬಳಿ ಮತ್ತು ಮುಂದಿನ ಯುಗಾದಿವರೆಗಿನ ಪಂಚಾಂಗ.

ಎಪ್ಪತ್ತು ದಾಟಿದ ಜೀವ ಆರು ತಿಂಗಳು ಈ ಹಿಮದಲ್ಲಿ ಹೇಗೆ ಕಾಲ ಹಾಕುತ್ತದೋ ಎಂದು ನಾನು ಒಳಗೊಳಗೇ ಹೆದರಿದ್ದೆ. ಬಂದ ಹತ್ತನೇ ದಿನ ಬೆಳಗ್ಗೆ ಎದ್ದರೆ ಹೊರಗೆ ಎಲ್ಲವೂ ಬಿಳಿ. ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಕಾಫಿ ಲೋಟ ಹಿಡಿದು, ಕಂಬಳಿ ಹೊದ್ದು ಕೂತಿದ್ದಳು. ಮುಖದಲ್ಲಿ ಗಾಬರಿ ಇರಲಿಲ್ಲ. ಜೂನ್ ತಿಂಗಳಲ್ಲಿ ನಮ್ಮನೆ ಜಗಲಿಯಲ್ಲಿ ಕೂತು ಅಂಗಳ ನೋಡುವಾಗ ಇರುತ್ತಿದ್ದ ಮುಖವೇ ಅದು.

"ಇದು ಯಾವ ಮಳೆಯೇ?" ಎಂದು ಕೇಳಿದಳು.

"ಮಳೆಯಲ್ಲಮ್ಮ, ಸ್ನೋ."

"ಗೊತ್ತು ಮಾರಾಯ್ತಿ. ಯಾವ ಮಳೆ ಅಂತ ಕೇಳಿದೆ." ಪಂಚಾಂಗ ತೆಗೆದು ಬೆರಳಾಡಿಸಿದಳು. "ಅನುರಾಧಾ ಮಳೆ."

ಅಂದಿನಿಂದ ನಮ್ಮನೆಯ ಹವಾಮಾನ ಇಲಾಖೆ ಬದಲಾಯಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರೋ ಹದಿನಾಲ್ಕೋ ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ನಮ್ಮ ಕಡೆ ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಗಾದೆ. ಸ್ವಾತಿ, ವಿಶಾಖಾ ಹೊತ್ತಿಗೆ ಎಲ್ಲ ಮುಗಿಯುತ್ತದೆ. ಆಮೇಲಿನ ಜ್ಯೇಷ್ಠಾ, ಮೂಲಾ, ಪೂರ್ವಾಷಾಢಾ, ಉತ್ತರಾಷಾಢಾಗಳನ್ನು ಕೇಳುವವರೇ ಇಲ್ಲ. ಇಪ್ಪತ್ತೇಳರಲ್ಲಿ ಅರ್ಧ ನಕ್ಷತ್ರಗಳು ಡಿಗ್ರಿ ಮುಗಿಸಿ ಊರಲ್ಲಿ ಕೂತ ಹುಡುಗರ ಹಾಗೆ ಸುಮ್ಮನೆ ಓಡಾಡಿಕೊಂಡಿರುತ್ತವೆ. "ಪಾಪ, ಊರಲ್ಲಿ ಕೆಲಸ ಇಲ್ಲದವಕ್ಕೆಲ್ಲ ಅಮೆರಿಕದಲ್ಲಿ ನೌಕರಿ ಸಿಕ್ಕಿದೆ" ಎಂದು ಅಮ್ಮ ನಕ್ಕಳು. ಡಿಸೆಂಬರ್ ಕೊನೆಗೆ ಏಳಿಂಚು ಬಿದ್ದಾಗ ನನ್ನ ಮಗ ಶಾಲೆಯಲ್ಲಿ, "ಇದು ಮೂಲಾ, ಇನ್ನು ಪೂರ್ವಾಷಾಢಾ ಬಾಕಿಯಿದೆ" ಎಂದು ಟೀಚರಿಗೆ ತಿಳಿಸಿ ಬಂದ.

ನಿಜ ಹೇಳಬೇಕೆಂದರೆ ಹಿಮದ ವಿಷಯದಲ್ಲಿ ಕನ್ನಡ ಸ್ವಲ್ಪ ಬಡಭಾಷೆಯೇ. ಮಳೆಗಾದರೆ ಸೋನೆ, ತುಂತುರು, ಜಡಿ, ಬಿರುಸು, ಅಡ್ಡಮಳೆ ಎಂದು ಬೇಕಾದ ಹಾಗೆ ಆರಿಸಿಕೊಳ್ಳಬಹುದು. ಇದಕ್ಕೆ ಹಿಮ ಎಂದರೆ ಪುರಾಣದ ಪರ್ವತ ನೆನಪಾಗುತ್ತದೆ. ಮಂಜು ಎಂದರೆ ಮಡಿಕೇರಿ. ಅಮ್ಮ ಈ ತೊಡಕನ್ನು ಒಂದೇ ಏಟಿಗೆ ಬಿಡಿಸಿದಳು. ಇದು ಒಣ ಮಳೆ, ಇದರ ಕಾಲ ಒಣ ಮಳೆಗಾಲ.

ಒಣ ಮಳೆಯ ಬಗ್ಗೆ ಅವಳಿಗೆ ಭಯ ಇರಲಿ, ಮರ್ಯಾದೆಯೂ ಇರಲಿಲ್ಲ. ಅಳಿಯ ಹೆಮ್ಮೆಯಿಂದ, "ಅತ್ತೀ, ಇಲ್ಲಿ ವರ್ಷಕ್ಕೆ ಸರಾಸರಿ 51 ಇಂಚು ಹಿಮ ಬೀಳ್ತೈತ್ರಿ. 1991ರಲ್ಲಿ ನವೆಂಬರ್ ಶುರುವಾಗೋ ಹೊತ್ತಿಗೆ ಒಂದೇ ಬಿರುಗಾಳಿಗೆ 28.4 ಇಂಚು ಬಿದ್ದಿತ್ತು" ಎಂದರು. "ಸ್ವಾತಿ" ಎಂದು ಅಮ್ಮ ದಾಖಲಿಸಿಕೊಂಡಳು. ಆಮೇಲೆ, "ಅದು ಕರಗಿದರೆ ನೀರು ಎಷ್ಟಾಗುತ್ತೆ?" ಎಂದಳು. ಸಾಮಾನ್ಯವಾಗಿ ಹತ್ತಿಂಚು ಹಿಮಕ್ಕೆ ಒಂದಿಂಚು ನೀರು ಎಂಬ ಲೆಕ್ಕ. ಅಂದರೆ ಇಡೀ ಚಳಿಗಾಲದ ಹಿಮ ಸೇರಿದರೂ ಐದಿಂಚು ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯ ಕಡೆಯವಳು ಅಳಿಯನನ್ನು ಕನಿಕರದಿಂದ ನೋಡಿದಳು. "ಐದಿಂಚು ನಮ್ಮಲ್ಲಿ ಒಂದು ದಿನಕ್ಕೆ ಹೊಯ್ಯುತ್ತೆ. ನೀವು ಅದನ್ನೇ ಐದು ತಿಂಗಳು ಎಳೀತೀರಲ್ಲ!"

ಬಂದ ಎರಡನೇ ವಾರದಲ್ಲಿ ಅಮ್ಮನಿಗೆ ಈ ದೇಶದ ಅತಿ ದೊಡ್ಡ ವೈಭವ ಪತ್ತೆಯಾಯಿತು. ನಯಾಗರಾ ಅಲ್ಲ. ಬಟ್ಟೆ ಒಣಗುವುದು.

ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಮಾತ್ರ ಇದರ ಬೆಲೆ ಗೊತ್ತು. ನಾಲ್ಕು ದಿನ ಹಗ್ಗದ ಮೇಲಿದ್ದರೂ ಟವೆಲು ತಣ್ಣಗೇ ಇರುತ್ತದೆ. ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಒಂದು ಜಾಗದಲ್ಲಿ ಬಹಳ ಹೊತ್ತು ಕೂತರೆ ಮನುಷ್ಯನಿಗೂ. ಇಲ್ಲಿ ಹೊರಗಿನ ತಣ್ಣನೆ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಅದನ್ನೇ ಒಳಗೆಳೆದು ಕಾಯಿಸಿ ಬಿಡುವುದರಿಂದ ಮನೆ ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ. ನೆಲದ ಜಾಲರಿಯಿಂದ ಬಿಸಿಗಾಳಿ ಬರುವ ಕಡೆ ಒದ್ದೆ ಸೀರೆ ಹರವಿದರೆ ಎರಡು ಗಂಟೆಯಲ್ಲಿ ಖಡಕ್. ಅಮ್ಮನಿಗೆ ಹುಚ್ಚು ಹಿಡಿಯಿತು. ಒಗೆಯುವ ಯಂತ್ರವಿದ್ದರೂ ಕೈಯಲ್ಲೇ ಒಗೆದಳು. ತನ್ನ ಬಟ್ಟೆ ಮುಗಿದ ಮೇಲೆ ನಮ್ಮದು, ಆಮೇಲೆ ಪರದೆ, ಆಮೇಲೆ ಒಗೆಯುವ ಅಗತ್ಯವೇ ಇರದ ಮಗಳ ಕರಡಿ ಗೊಂಬೆ. ಜನವರಿಯಲ್ಲಿ ಸಂಡಿಗೆ ಹಾಕಿದಳು. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಜಾಲರಿಯ ಸುತ್ತ ಹಳೇ ಪಂಚೆಯ ಮೇಲೆ ಮುನ್ನೂರು ಸಂಡಿಗೆ, ಪಕ್ಕದಲ್ಲಿ ಅಮ್ಮ, ಕಾಗೆ ಓಡಿಸುವ ಹಳೇ ಅಭ್ಯಾಸಕ್ಕೆ ಕೈಯಲ್ಲಿ ಒಂದು ಕೋಲು. ಕಾಗೆ ಇರಲಿಲ್ಲ. ನನ್ನ ಮಗ ಇದ್ದ, ಕೋಲು ದಂಡವಾಗಲಿಲ್ಲ.

ಒಣಹವೆಯ ಒಂದೇ ತೊಂದರೆ ಎಂದರೆ ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕಿಡಿ ಹಾರುವುದು. ಅಳಿಯನ ಕೈಗೆ ಕಾಫಿ ಕೊಡುವಾಗಲೂ ಒಮ್ಮೆ ಹಾಗಾಯಿತು. ಅಳಿಯ ಅತ್ತೆಯರ ನಡುವೆ ಇಷ್ಟಾದರೂ ಕಿಡಿ ಇರಬೇಕು ಎಂದು ನಾನು ಅಡುಗೆಮನೆಯಿಂದಲೇ ಹೇಳಿದೆ.

ಮಕ್ಕಳ ವಿಷಯಕ್ಕೆ ಬಂದರೆ ಅವರ ಚಳಿಗಾಲದ ಹವ್ಯಾಸ ಒಂದೇ, ರಜೆ ಕಾಯುವುದು. ಹಿಂದಿನ ರಾತ್ರಿ ಗಾಳಿ ಬೀಸತೊಡಗಿದರೆ ಬೆಳಗಿನ ಜಾವ ಐದಕ್ಕೇ ಎದ್ದು, ಶಾಲೆಯಿಂದ ಸಂದೇಶ ಬಂದಿದೆಯೇ ಎಂದು ನನ್ನ ಫೋನು ತಡಕುತ್ತಾರೆ. ಅಮ್ಮ ಹಾಸಿಗೆಯಿಂದಲೇ ಕೂಗುತ್ತಾಳೆ: "ಡೀಸಿ ರಜೆ ಕೊಟ್ರೇನಾ?" ಶಿವಮೊಗ್ಗ ಜಿಲ್ಲೆಯಲ್ಲಿ ಮಳೆಗಾಲ ಕಳೆದ ಯಾವ ಮಗುವಿಗೂ ಈ ಪ್ರಶ್ನೆಯ ಅರ್ಥ ವಿವರಿಸಬೇಕಿಲ್ಲ. ನನ್ನ ಮಕ್ಕಳು ಡೀಸಿ ಎಂದರೆ ಒಬ್ಬ ದೇವರು ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ರಜೆ ಸಿಕ್ಕ ದಿನ ಹಿಮ ಬಾಚುವ ಕೆಲಸ ದೊಡ್ಡವರದು. ನಮ್ಮನೆಯವರು ಎರಡು ಗಂಟೆ ಬಾಚಿ, ಕಾರು ಹೊರಬರುವ ದಾರಿಯನ್ನು ಬೋಳಿಸಿದ ತಲೆಯ ಹಾಗೆ ಮಾಡಿ, ಸೊಂಟ ನೆಟ್ಟಗೆ ಮಾಡಿಕೊಳ್ಳುವ ಸಮಯಕ್ಕೆ ಸರಿಯಾಗಿ ರಸ್ತೆ ಬಳಿಯುವ ದೊಡ್ಡ ಲಾರಿ ಬಂದು, ಬೀದಿಯ ಹಿಮವನ್ನೆಲ್ಲ ನಮ್ಮ ದಾರಿಯ ಬಾಯಿಗೆ ಒತ್ತಿ ಹೋಗುತ್ತದೆ. "ಬದು ಚೆನ್ನಾಗಿ ಹಾಕ್ತಾನೆ" ಎಂದು ಅಮ್ಮ ಮೆಚ್ಚಿದಳು. ಆ ಲಾರಿಗಳಿಗೆ ಹೆಸರಿಡುವ ಸ್ಪರ್ಧೆಯನ್ನು ರಾಜ್ಯದ ಸಾರಿಗೆ ಇಲಾಖೆ 2020ರ ಚಳಿಗಾಲದಿಂದ ನಡೆಸುತ್ತಿದೆ. ಎಂಟು ವಿಭಾಗಗಳಿಗೆ ವರ್ಷಕ್ಕೆ ಎಂಟು ಹೆಸರು. ಮೊದಲ ಸಲ ಗೆದ್ದದ್ದು 'ಪ್ಲೌವಿ ಮೆಕ್‌ಪ್ಲೌಫೇಸ್'. ಅಮ್ಮನ ಸಲಹೆ 'ಕುಂಭಕರ್ಣ'. ಎಲ್ಲ ಮುಗಿದ ಮೇಲೆ ಏಳುತ್ತಾನೆ, ಎದ್ದರೆ ಊರೆಲ್ಲ ನಡುಗುತ್ತದೆ. ಮಗಳು ಶ್ರದ್ಧೆಯಿಂದ ಬರೆದು ಕಳಿಸಿದಳು. ಗೆಲ್ಲಲಿಲ್ಲ.

ಪಕ್ಕದ ಮನೆಯಲ್ಲಿ ನಾರ್ವೆ ಮೂಲದ ಒಬ್ಬ ಅಜ್ಜ ಇದ್ದಾರೆ. ಎಂಬತ್ತರ ಹತ್ತಿರ. ಜನವರಿ ಕೊನೆಯ ಶನಿವಾರ, ಅಂದರೆ ಶ್ರವಣಾ ಮಳೆಯಲ್ಲಿ, ನಮ್ಮನ್ನೆಲ್ಲ ಮಿನೆಟೊಂಕಾ ಸರೋವರಕ್ಕೆ ಮೀನು ಹಿಡಿಯಲು ಕರೆದರು. ಅಮ್ಮನ ಕಣ್ಣು ಬೆಳಗಿತು. ಹತ್ತುಮೀನಿನ ಕಾಲದಲ್ಲಿ, ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಮೀನಿಗೆ ರಾತ್ರಿಯೆಲ್ಲ ಟಾರ್ಚು ಹಿಡಿದು ಕಾದ ಹೆಂಗಸು ಅವಳು. ಆದರೆ ಕಾರು ರಸ್ತೆ ಬಿಟ್ಟು, ದಡ ಬಿಟ್ಟು, ನೀರಿನ ಮೇಲೆಯೇ ಹೊರಟಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಇವರಿಗೆ ಕೆರೆ ಯಾವುದು ರಸ್ತೆ ಯಾವುದು ಗೊತ್ತಾಗಲ್ವೇನೇ?"

ಹೊಸ ಗಟ್ಟಿ ಮಂಜುಗಡ್ಡೆ ನಾಲ್ಕಿಂಚು ದಪ್ಪವಿದ್ದರೆ ಮನುಷ್ಯ ನಡೆಯಬಹುದು, ಒಂಬತ್ತು ಹತ್ತಿಂಚಿದ್ದರೆ ಚಿಕ್ಕ ಕಾರು ಹೋಗಬಹುದು ಎಂದು ಇಲ್ಲಿಯ ಸರ್ಕಾರವೇ ಪಟ್ಟಿ ಹಾಕಿದೆ. ಅದಕ್ಕೂ ಮೇಲಿದೆ ಎಂದು ಅಜ್ಜ ಅಳೆದು ತೋರಿಸಿದರು. ಅಮ್ಮ ಪಟ್ಟಿಯನ್ನು ನಂಬುವವಳಲ್ಲ, ಅಜ್ಜನ ವಯಸ್ಸನ್ನು ನಂಬಿದಳು. ಇಷ್ಟು ವರ್ಷ ಮುಳುಗದವನು ಇವತ್ತು ಮುಳುಗುವುದಿಲ್ಲ.

ಸರೋವರದ ನಟ್ಟನಡುವೆ ಒಂದು ಊರೇ ಇತ್ತು. ಸಾಲು ಸಾಲು ಪೆಟ್ಟಿಗೆಯಂಥ ಮನೆಗಳು. ಫಿಶ್ ಹೌಸ್ ಎನ್ನುತ್ತಾರೆ. ಅಜ್ಜನ ಮನೆಯೊಳಗೆ ಪುಟ್ಟ ಒಲೆ, ಎರಡು ಬೆಂಚು, ನೆಲದಲ್ಲಿ ಬೈರಿಗೆಯಿಂದ ಕೊರೆದ ಎರಡು ತೂತು, ತೂತಿನಲ್ಲಿ ಕಪ್ಪು ನೀರು. ಮೊಳದುದ್ದದ ಗಾಳ ಹಿಡಿದು ಕೂರಬೇಕು. ಗಾಳ ಹಾಕಲು ದೊಡ್ಡವರಿಗೆ ಲೈಸೆನ್ಸ್ ಬೇಕು, ನಮ್ಮನೆಯವರು ಮೊದಲೇ ಮಾಡಿಸಿದ್ದರು. "ಮೀನು ನೋಡೋದಕ್ಕೂ ವೀಸಾ" ಎಂದು ಅಮ್ಮ ಗೊಣಗಿದಳು. ಗೊಣಗಾಟ ಮುಗಿಯುವಷ್ಟರಲ್ಲಿ ಕಾಲಡಿಯಲ್ಲಿ ಗುಡುಂ ಎಂದು ಗುಡುಗಿತು. ಗುಡುಗು ಸರೋವರದ ಆ ತುದಿಯವರೆಗೂ ಉರುಳುತ್ತಾ ಹೋಯಿತು. ಬಳ್ಳಾರಿಯವರು ಬೆಂಚಿನ ಮೇಲೆ ಹತ್ತಿ ನಿಂತರು. ಚಳಿಗೆ ಗಡ್ಡೆ ಹಿಗ್ಗುವಾಗ ಕುಗ್ಗುವಾಗ ಬಿರುಕು ಬಿಟ್ಟು ಹಾಗೆ ಸದ್ದಾಗುತ್ತದೆ, ಅದು ಗಟ್ಟಿಯಾಗುತ್ತಿರುವ ಲಕ್ಷಣ ಎಂದು ಅಜ್ಜ ಸಮಾಧಾನ ಹೇಳಿದರು. ಅಮ್ಮ ಮಾತ್ರ ಮಿಸುಕಲಿಲ್ಲ. ಹೆದರಿ ಮರಗಟ್ಟಿದ್ದಳೋ ಧೈರ್ಯವೋ, ಇಂದಿಗೂ ಹೇಳಿಲ್ಲ.

ಆಮೇಲೆ ನಾಲ್ಕು ಗಂಟೆ ಏನೂ ಆಗಲಿಲ್ಲ. ಅದೇ ಆ ಆಟದ ಸೊಗಸು ಎಂದು ನನಗೆ ನಿಧಾನವಾಗಿ ಹೊಳೆಯಿತು. ಒಲೆಯ ಮೇಲೆ ಕಾಫಿ ಕುದಿಯುತ್ತದೆ, ಯಾರೋ ಒಂದು ಮಾತಾಡುತ್ತಾರೆ, ಐದು ನಿಮಿಷ ಬಿಟ್ಟು ಇನ್ನೊಬ್ಬರು ಹೂಂ ಅನ್ನುತ್ತಾರೆ. ಹೊರಗೆ ಗಾಳಿ. ನಮ್ಮೂರಿನ ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಕೂತ ಆಷಾಢದ ಸಂಜೆಗೂ ಇದಕ್ಕೂ ನೀರಿನ ಸ್ಥಿತಿಯೊಂದೇ ವ್ಯತ್ಯಾಸ. ಅಜ್ಜನಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಒಂದೇ ಭಾಷೆಯವರು. ಎಷ್ಟೇ ಚೆನ್ನಾಗಿದ್ದರೂ ಇಲ್ಲಿಯವರ ಬಾಯಿಂದ ಬರುವುದು 'ಅಷ್ಟೇನೂ ಕೆಟ್ಟದಿಲ್ಲ' ಎಂಬ ಮಾತು ಮಾತ್ರ. ನಮ್ಮ ಕಡೆಯವರು ಸ್ವರ್ಗಕ್ಕೆ ಹೋದರೂ ಸುತ್ತ ನೋಡಿ, "ಅಡ್ಡಿಲ್ಲ" ಎನ್ನುತ್ತಾರೆ. ಕೊನೆಗೆ ಅಮ್ಮನ ಗಾಳಕ್ಕೇ ಒಂದು ವಾಲೈ ಬಿತ್ತು. ಮಿನೆಸೋಟದ ರಾಜ್ಯ ಮೀನು. ರಾತ್ರಿ ಅದಕ್ಕೆ ವಾಟೆಹುಳಿ ಹಾಕಿ ಸಾರು, ಜೊತೆಗೆ ಅಕ್ಕಿ ಕಡುಬು. ಅಜ್ಜನಿಗೂ ಒಂದು ಡಬ್ಬಿ ಹೋಯಿತು. ಖಾರಕ್ಕೆ ಮೂಗು ಕೆಂಪಾಗಿಸಿಕೊಂಡು ಬಂದು ಡಬ್ಬಿ ವಾಪಸು ಕೊಟ್ಟು, ಅಷ್ಟೇನೂ ಕೆಟ್ಟದಿಲ್ಲ ಎಂದರು.

ನಮ್ಮನೆಯವರಿಗೂ ಈ ಚಳಿಗಾಲದಲ್ಲಿ ಒಂದು ಹವ್ಯಾಸ ಹತ್ತಿತು, ಹಿಮಹರಳಿನ ಫೋಟೊ ತೆಗೆಯುವುದು. ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದು ಹರಳಿನ ಚಿತ್ರ ತೆಗೆದನಂತೆ. ಆಮೇಲೆ ಜೀವಮಾನವಿಡೀ ಐದು ಸಾವಿರಕ್ಕೂ ಹೆಚ್ಚು ತೆಗೆದನಂತೆ. ಅದನ್ನು ಓದಿದ ಇವರು ನನ್ನ ಕರಿ ರೇಷ್ಮೆ ಕುಪ್ಪಸದ ಬಟ್ಟೆಯನ್ನು ಹಲಗೆಗೆ ಬಿಗಿದುಕೊಂಡು ಹೊರಗೆ ನಿಲ್ಲತೊಡಗಿದರು. ಹರಳು ಬೀಳುತ್ತದೆ, ಇವರು ಬಗ್ಗುತ್ತಾರೆ, ಉಸಿರು ತಾಗುತ್ತದೆ, ಹರಳು ಕರಗುತ್ತದೆ. ಉಸಿರು ಬಿಗಿಹಿಡಿದರೆ ಕನ್ನಡಕಕ್ಕೆ ಮಂಜು. ಮೂರು ವಾರಕ್ಕೆ ಒಂದೇ ಒಂದು ಚಿತ್ರ ಸರಿಯಾಗಿ ಬಂತು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಎಷ್ಟು ಚುಕ್ಕಿಯದು?" ಎಂದಳು. ನೀರಿನ ಕಣಗಳು ಗಟ್ಟಿಯಾಗುವಾಗ ಆರು ಮೂಲೆಯಾಗಿ ಕೂಡಿಕೊಳ್ಳುವುದರಿಂದ ಹರಳಿಗೆ ಆರೇ ಎಸಳು ಎಂದು ಇವರು ವಿವರಿಸುವಷ್ಟರಲ್ಲಿ ಅವಳು ಹಳೇ ಡೈರಿಯಲ್ಲಿ ಚುಕ್ಕಿಯಿಟ್ಟು ಎಳೆ ಸೇರಿಸಿಯಾಗಿತ್ತು.

ಸಂಕ್ರಾಂತಿಗೆ ಅದನ್ನೇ ಬಾಗಿಲಲ್ಲಿ ಬಿಡಿಸಲು ಹೋದಳು. ಬೂಟು, ಕೋಟು, ಮೇಲೆ ಕಂಬಳಿ ಕೊಪ್ಪೆ. ಹತ್ತು ನಿಮಿಷ ಕಷ್ಟಪಟ್ಟು ಹಾಕಿದ ಮೇಲೆ ನೋಡಿದರೆ ಏನೂ ಇಲ್ಲ. ಬಿಳಿ ಹಿಮದ ಮೇಲೆ ಬಿಳಿ ರಂಗೋಲಿ. ಅಮ್ಮ ಮೊದಲ ಬಾರಿ ಸೋತಂತೆ ಕಂಡಳು. ಮಗಳು ಒಳಗೋಡಿ ಅರಿಶಿನದ ಡಬ್ಬಿ ತಂದಳು. ಹಳದಿ ಎಳೆಗಳು ಅಂಗಳದ ತುಂಬ ಹಬ್ಬಿದವು. ಮಧ್ಯಾಹ್ನ ಅಮೆಜಾನ್ ಪೆಟ್ಟಿಗೆ ತಂದ ಹುಡುಗ ಅದನ್ನು ತುಳಿಯದಂತೆ ಸುತ್ತು ಹಾಕಿ, ಮೊಣಕಾಲುದ್ದ ಹಿಮದಲ್ಲಿ ಇಳಿದು ಬಂದ. ಅವನಿಗೆ ಎಳ್ಳು ಬೆಲ್ಲ ಕೊಟ್ಟೆವು.

ಕಡುಚಳಿಯ ರಾತ್ರಿಗಳಲ್ಲಿ ಚೆನ್ನೆಮಣೆ. ಮಣೆ ಊರಲ್ಲಿತ್ತು. ಇಲ್ಲಿ ಡಜನ್ ಮೊಟ್ಟೆಯ ರಟ್ಟಿನ ತಟ್ಟೆಗೆ ಹನ್ನೆರಡು ಗುಳಿ. ಎರಡು ತುದಿಗೆ ಎರಡು ಬಟ್ಟಲಿಟ್ಟರೆ ಹದಿನಾಲ್ಕು. ಗುಳಿಗೆ ನಾಲ್ಕರಂತೆ ಐವತ್ತಾರು ಕಾಳು. ಮೊದಲು ಚಾಕೊಲೇಟಿನ ಚೂರುಗಳನ್ನು ಕಾಳಾಗಿಸಿದ್ದೆವು, ಮಗನ ಕಡೆಯ ಗುಳಿಗಳು ಆಡದೆಯೇ ಖಾಲಿಯಾಗತೊಡಗಿದ ಮೇಲೆ ರಾಜ್ಮಾಕ್ಕೆ ಇಳಿದೆವು. ಅಮ್ಮನನ್ನು ಯಾರೂ ಸೋಲಿಸಲಾಗಲಿಲ್ಲ. ನಮ್ಮನೆಯವರು ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಿ ಕೂಡ ಸೋತರು.

ಏಪ್ರಿಲ್ ಮೊದಲ ವಾರ ಸೂರಿನಿಂದ ತೊಟ್ಟಿಕ್ಕತೊಡಗಿತು. ಹನಿಯ ಸದ್ದಿಗೆ ಅಮ್ಮ ಚಡಪಡಿಸಿದಳು. "ರೇವತಿ" ಎಂದಷ್ಟೇ ಹೇಳಿ ಸೂಟ್‌ಕೇಸು ತೆಗೆದಳು. ಸಂಡಿಗೆ ನಮಗೇ ಬಿಟ್ಟಳು, ಕಂಬಳಿ ಅಜ್ಜನಿಗೆ ಕೊಟ್ಟಳು.

ಜುಲೈಯಲ್ಲಿ ಫೋನು ಮಾಡಿದಾಗ ಆ ಕಡೆ ಹಂಚಿನ ಮೇಲೆ ಸುರಿಯುವ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಕರೆಂಟಿಲ್ಲವಂತೆ, ಐದು ದಿನವಾದರೂ ಒಂದು ಸೀರೆ ಒಣಗಿಲ್ಲವಂತೆ. "ನಿಮ್ಮಲ್ಲಿ ಯಾವ ಮಳೆ?" ಎಂದು ಕೂಗಿದಳು.

ನಮ್ಮನೆಯವರು ಕಿಟಕಿಯಿಂದ ನೋಡಿದರು. ಸುಡುಬಿಸಿಲು. ಹೊಸ ವರ್ಷದ ಪಂಚಾಂಗ ಈಗ ಅವರ ಮೇಜಿನ ಮೇಲೆಯೇ ಇರುತ್ತದೆ. "ಪುನರ್ವಸು ಅತ್ತೀ, ಆದ್ರೆ ಇಲ್ಲಿ ಅವನಿಗೆ ಕೆಲಸ ಇಲ್ರೀ. ಸುಮ್ಮನೆ ಓಡಾಡಿಕೊಂಡಿದ್ದಾನೆ."

"ಇಲ್ಲಿ ಓವರ್‌ಟೈಮ್ ಮಾಡ್ತಿದ್ದಾನೆ ಮಾರಾಯ್ರೇ" ಎಂದಳು ಅಮ್ಮ. "ಆ ನೆಲದ ಜಾಲರಿ ಬಿಚ್ಚಿ ಯಾರ ಕೈಯಲ್ಲಾದರೂ ಕಳಿಸೋಕೆ ಆಗುತ್ತಾ ನೋಡಿ."