ಬನ್ನಿಯ ಬಣವಿ

ನನ್ನ ಅಪ್ಪ ಇಂದು ಇದ್ದಿದ್ದರೆ ಈ ಸಂಗತಿಯನ್ನು ನಾನು ಬರೆಯುತ್ತಿರಲಿಲ್ಲ. ಬರೆದಿದ್ದರೂ ಆತನ ಕಣ್ಣಿಗೆ ಬೀಳದ ಹಾಗೆ ಹಾಸಿಗೆಯ ಕೆಳಗೆ ಮುಚ್ಚಿಡುತ್ತಿದ್ದೆ. ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ನಾಲ್ಕು ಎತ್ತು, ಮೂರು ಎಮ್ಮೆ ಕಟ್ಟಿಕೊಂಡು ಜೀವ ಸವೆಸಿದವನು ಆತ. ನೆರೆಯವರು ಯಾರಾದರೂ ಬಂದು ಹಿತ್ತಿಲ ಬಣವಿಯಿಂದ ಒಂದು ಹೊರೆ ಹುಲ್ಲು ಕೇಳಿದರೆ, ‘ಒಯ್ಯೋ ತಮ್ಮಾ, ಹುಲ್ಲಿಗೇನ ರೊಕ್ಕ ತಗೊಳ್ಳೂದು’ ಎನ್ನುತ್ತಿದ್ದ. ಆತನ ಹೊಟ್ಟೆಯಲ್ಲಿ ಹುಟ್ಟಿ, 32 ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತನಾದ ನಾನು ಒಂದು ಕಿಲೋ ಒಣಹುಲ್ಲಿಗೆ 780 ರೂಪಾಯಿ ಕೊಟ್ಟೆ. ಅದು ಸಾಲದೆಂದು, ‘ಮನೆಗೆ ತಲುಪಿಸುವುದು ಉಚಿತ’ ಎಂಬುದನ್ನು ಓದಿ, ಭಾರೀ ಲಾಭ ಹೊಡೆದೆನೆಂದು ಹಿಗ್ಗಿದೆ.

ಇದಕ್ಕೆಲ್ಲ ಮೂಲ ಪುಣೆಯಲ್ಲಿರುವ ಮೊಮ್ಮಗಳು. ಎರಡು ವರ್ಷದ ಹಿಂದೆ ಬೇಸಿಗೆ ಸೂಟಿಗೆ ಗಡಹಿಂಗ್ಲಜಕ್ಕೆ ಬಂದಾಗ ಒಂದು ಪಂಜರ ಹೊತ್ತು ತಂದಳು. ಒಳಗೆ ಎರಡು ಬಿಳಿ ಮೊಲ. ‘ಅಜ್ಜಾ, ಬರೇ ಹದಿನೈದು ದಿವಸ’ ಎಂದಳು. ಮನೆಯಲ್ಲಿ ‘ಬರೇ ಹದಿನೈದು ದಿವಸ’ ಎಂದು ಇಟ್ಟುಹೋದ ಯಾವ ವಸ್ತು ಹದಿನಾರನೆಯ ದಿನ ಹೊರಟುಹೋಗಿದೆ ಹೇಳಿ? ತಮ್ಮನ ಕಬ್ಬಿಣದ ಕಪಾಟು ನಮ್ಮಲ್ಲಿ ಹಾಗೇ ಬಂದು ಹತ್ತೊಂಬತ್ತು ವರ್ಷವಾಯಿತು.

ಒಂದು ಮೊಲದ ಹೆಸರು ಸಶ್ಯಾ. ಮರಾಠಿಯಲ್ಲಿ ಮೊಲಕ್ಕೆ ಸಸಾ ಎನ್ನುತ್ತಾರಲ್ಲ, ಅದರ ಮುದ್ದಿನ ರೂಪ. ಇನ್ನೊಂದರ ಹೆಸರು ಬನ್ನಿ. ಅದು ಇಂಗ್ಲಿಷಿನ ಬನ್ನಿ ಎಂದು ಮೊಮ್ಮಗಳು ಹೇಳಿದರೂ ನನ್ನ ಕನ್ನಡ ಶಾಲೆಯ ಕಿವಿಗೆ ಅದು ‘ದಯಮಾಡಿ ಒಳಗೆ ಬನ್ನಿ’ ಎಂದೇ ಕೇಳುತ್ತದೆ. ಬೆಂಗಳೂರಿನ ಕಡೆಯ ನೆಂಟರು ಬಂದಾಗ ನಾನು ನಾಜೂಕಾಗಿ ‘ಬನ್ನಿ, ಬನ್ನಿ’ ಎಂದರೆ ಮೊದಲು ಬರುವುದು ಮೊಲ. ನನ್ನ ಹೆಂಡತಿಗೆ ಈ ತೊಡಕಿಲ್ಲ. ಆಕೆ ನಮ್ಮ ಸೀಮೆಯ ರೂಢಿಯಂತೆ ‘ಬರ್ರಿ’ ಎನ್ನುತ್ತಾಳೆ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವುದುಂಟು. ಈ ಬನ್ನಿಯನ್ನು ಇಟ್ಟುಕೊಂಡವನು ಬಂಗಾರವನ್ನು ಹೊರಗೆ ಕಳಿಸುತ್ತಲೇ ಇರಬೇಕೆಂದು ಆಮೇಲೆ ತಿಳಿಯಿತು.

ಮೊಲ ಎಂದರೆ ಗಜ್ಜರಿ ತಿನ್ನುವ ಪ್ರಾಣಿ ಎಂದು ನಾನು ನಂಬಿದ್ದೆ. ಶಾಲೆಯ ಗೋಡೆಯ ಮೇಲೆ ನಾನೇ ಅಂಟಿಸಿದ ಚಿತ್ರಪಟದಲ್ಲಿ ಹಾಗೇ ಇತ್ತು. ಎರಡು ಕಿಲೋ ಗಜ್ಜರಿ ತಂದು ಸುರಿದೆ. ಮೂರನೆಯ ದಿನ ಸಶ್ಯಾ ಮೂಲೆ ಹಿಡಿದು ಕೂತಿತು. ದನದ ಡಾಕ್ಟರರ ಹತ್ತಿರ ಓಡಿದೆ. ಅವರು ಮೊಲವನ್ನೂ ನನ್ನನ್ನೂ ಒಂದೇ ಕನಿಕರದಿಂದ ನೋಡಿ, ‘ಗುರುಜಿ, ನಾವು ಎಮ್ಮಿ ಹೊಟ್ಟ್ಯಾಗ ಮೊಣಕೈತನಾ ಕೈ ಹಾಕಾವ್ರು. ಇದರ ಪೂರಾ ಹೊಟ್ಟಿ ನನ್ನ ಅಂಗೈಯಷ್ಟಿಲ್ಲ. ಆದರ ಒಂದ ಮಾತು: ಹುಲ್ಲ ಹಾಕ್ರಿ, ಹುಲ್ಲ’ ಎಂದರು.

ಫೋನಿನಲ್ಲಿ ಮೊಮ್ಮಗಳಿಂದ ಉಳಿದ ಪಾಠವಾಯಿತು. ಗಜ್ಜರಿ ಸಕ್ಕರೆಯ ಪದಾರ್ಥ, ಹಬ್ಬದ ಹೋಳಿಗೆಯಷ್ಟೇ ಅಪರೂಪಕ್ಕೆ ಕೊಡಬೇಕಂತೆ. ನೂರಕ್ಕೆ ಎಂಬತ್ತು ಪಾಲು ಒಣಹುಲ್ಲೇ ಆಹಾರ. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತವೆ, ಮುಂದಿನವು ವಾರಕ್ಕೆ ಸುಮಾರು 2 ಮಿಲಿಮೀಟರು. ಹುಲ್ಲು ಅಗಿದಗಿದು ಸವೆಯದಿದ್ದರೆ ಹಲ್ಲು ಬಾಯಿ ಮುಚ್ಚಗೊಡುವುದಿಲ್ಲ. ಒಂದು ಹಗಲು-ರಾತ್ರಿ ಏನೂ ತಿನ್ನದೆ ಕೂತರೆ ಕರುಳೇ ನಿಂತು ಜೀವಕ್ಕೆ ಬರುತ್ತದೆ. ವಾಂತಿ ಮಾಡಿಕೊಂಡು ಹಗುರಾಗೋಣವೆಂದರೆ ಅದಕ್ಕೆ ಆ ಸೌಲಭ್ಯವನ್ನೂ ದೇವರು ಕೊಟ್ಟಿಲ್ಲ. ಆದ್ದರಿಂದ ಅದು ಸದಾ ಮೇಯುತ್ತಿರಬೇಕು. ಮೇಯುವುದನ್ನು ನೋಡುವುದೇ ಒಂದು ಚೆಂದ. ಕೆಳದವಡೆ ಎಡಕ್ಕೂ ಬಲಕ್ಕೂ ಇಚಲಕರಂಜಿಯ ಮಗ್ಗದ ಲಾಳಿಯಂತೆ ಓಡುತ್ತದೆ. ಮಗ್ಗ ಲೈಟು ಹೋದರೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ.

ಹಲ್ಲಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಬಹುಕಾಲ ವಿಜ್ಞಾನಿಗಳು ಮೊಲವನ್ನು ಇಲಿ, ಅಳಿಲುಗಳ ಸಾಲಿಗೆ ಸೇರಿಸಿದ್ದರಂತೆ. ಮೇಲ್ದವಡೆಯ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೋಡಿ ಪುಟ್ಟ ಹಲ್ಲು ಅಡಗಿ ಕೂತದ್ದೇ ಮುಖ್ಯ ಗುರುತಾಗಿ, 1912ರಲ್ಲಿ ಅದನ್ನು ಬೇರೆ ಗಣ ಮಾಡಿದರು. ಅಂದರೆ ಮೊಲಕ್ಕೂ ಒಂದು ಪುನರ್ವಿಂಗಡಣೆ ಆಗಿದೆ, ನಮ್ಮದಕ್ಕಿಂತ 44 ವರ್ಷ ಮೊದಲೇ. ನಮ್ಮ ರಾಜ್ಯಗಳದ್ದು 1956ರಲ್ಲಿ ಆಯಿತು. 1967ರಲ್ಲಿ ಗಡಿ ತಂಟೆಯ ಮೇಲೆ ಮಹಾಜನ ವರದಿ ಬಂತು. 2004ರಿಂದ ಖಟ್ಲೆ ಸುಪ್ರೀಂ ಕೋರ್ಟಿನಲ್ಲಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಹುಟ್ಟಿಸಿದವನು ಗಡಿಸೀಮೆಯವನೇ ಇರಬೇಕು. ನಮ್ಮ ಮನೆಯಲ್ಲಂತೂ ಒಂದು ಕನ್ನಡದ ಮೊಲ, ಒಂದು ಮರಾಠಿ ಮೊಲ. ಎರಡಕ್ಕೂ ನಾಲ್ಕು ನಾಲ್ಕು ಕಾಲು. ಎರಡೂ ಒಂದೇ ಬುಟ್ಟಿಯಲ್ಲಿ ತಿನ್ನುತ್ತವೆ.

ಎಲ್ಲಿಗೆ ಬಂದಿದ್ದೆ? ಹಾಂ, ಹುಲ್ಲು. ಮೊಮ್ಮಗಳು ಪುಣೆಯಿಂದಲೇ ಮೊಬೈಲಿನಲ್ಲಿ ಗುಂಡಿ ಒತ್ತಿದಳು, ನಾಲ್ಕನೆಯ ದಿನ ಕೊರಿಯರಿನ ಹುಡುಗ ಬಾಗಿಲಿಗೆ ಬಂದ. ಪೆಟ್ಟಿಗೆ ದೊಡ್ಡದು, ತೂಕ ಇಲ್ಲ. ಆತ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಇದರಾಗ ಏನೈತ್ರಿ ಗುರುಜಿ?’ ಎಂದ. ಓಣಿಯ ನಾಲ್ಕು ಜನ ಕಟ್ಟೆಯ ಮೇಲೆ ಕೂತಿದ್ದರು. ಹುಲ್ಲು ಎನ್ನಲು ಬಾಯಿ ಬರಲಿಲ್ಲ. ‘ಆಯುರ್ವೇದದ ಔಷಧ’ ಎಂದುಬಿಟ್ಟೆ. ಐದು ದಿನಕ್ಕೆ ಒಂದು ಪೆಟ್ಟಿಗೆ ಬರತೊಡಗಿದಾಗ ಓಣಿಗೆ ನನ್ನ ಆರೋಗ್ಯದ ಚಿಂತೆ ಹತ್ತಿತು. ಒಬ್ಬ ಕಾಕೂ ಮಜ್ಜಿಗೆ ತಂದುಕೊಟ್ಟರು. ಕೊರಿಯರಿನ ಹುಡುಗ ಒಂದು ದಿನ ಮೆಲ್ಲಗೆ, ‘ನಮ್ಮವ್ವಗ ಮೊಣಕಾಲ ಬ್ಯಾನಿ ಐತಿ. ನಿಮ್ಮ ಔಷಧ ಒಂದ ಚಿಮಟಿ ಕೊಡ್ತೀರೇನ್ರಿ?’ ಎಂದು ಕೇಳಿದ. ಆಗ ಪೆಟ್ಟಿಗೆ ಒಡೆದು ತೋರಿಸಲೇಬೇಕಾಯಿತು. ಆತ ಹುಲ್ಲನ್ನು ನೋಡಿದ, ಪೆಟ್ಟಿಗೆಯ ಮೇಲಿನ ಬೆಲೆಯನ್ನು ನೋಡಿದ, ಕಡೆಗೆ ನನ್ನನ್ನು ನೋಡಿದ. ಅವ್ವನ ಮಾತು ಮತ್ತೆ ಎತ್ತಲಿಲ್ಲ.

ಆ ಹುಲ್ಲಿನ ಹೆಸರು ಟಿಮೊಥಿ. ಯುರೋಪಿನ ಹುಲ್ಲು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ತುಂಬ ಇದನ್ನು ಬಿತ್ತಲು ಹಚ್ಚಿದ ಟಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರೇ ಹುಲ್ಲಿಗೂ ಅಂಟಿತಂತೆ. ಪುಣ್ಯವಂತ. ನಮ್ಮಲ್ಲಿ ಯಾವ ರೈತನ ಹೆಸರನ್ನು ಯಾವ ಹುಲ್ಲಿಗೆ ಇಟ್ಟಿದ್ದೇವೆ? ಒಂದು ರಾಜಕೀಯ ಪಕ್ಷದ ಹೆಸರಿಟ್ಟಿದ್ದೇವೆ. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಂಡ ಆ ಬಿಳಿಹೂವಿನ ಕಸ ಇಂದು ನಮ್ಮ ಎಲ್ಲ ಬದುವಿನಲ್ಲೂ ಉಂಟು. ಮೊಲ ಅದನ್ನು ತಿನ್ನಬಾರದು. ಪುಣೆಯಿಂದ ನಮಗೆ ಬಂದದ್ದೆಲ್ಲ ಹೀಗೆ ಬಂದು ಹೀಗೆಯೇ ಉಳಿಯುತ್ತದೆ ಎಂದು ನನ್ನ ಹೆಂಡತಿ ಮೊಲಗಳ ಕಡೆ ನೋಡುತ್ತ ಹೇಳುತ್ತಾಳೆ.

ಆಕೆ ಏಳನೆಯ ಇಯತ್ತೆ ಓದಿದವಳು, ಲೆಕ್ಕದಲ್ಲಿ ನನಗಿಂತ ಗಟ್ಟಿ. ‘ಎರಡೂ ಕೂಡಿ ದಿನಕ್ಕ 200 ಗ್ರಾಂ. ತಿಂಗಳಿಗೆ 6 ಕಿಲೋ. 780ರಂತೆ 4,680 ರೂಪಾಯಿ. ನಮ್ಮಿಬ್ಬರ ಕಿರಾಣಿಯೂ ಇಷ್ಟ ಆಗೂದಿಲ್ಲ’ ಎಂದಳು. ನೆರೆಯ ಆಜರಾದ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕುದಿಯುವಾಗ ಓಣಿಗೆಲ್ಲ ಪರಿಮಳ ಬೀರುವ ಅಕ್ಕಿ. ಅದನ್ನು ನಾವು ದುಬಾರಿಯೆಂದು ಹಬ್ಬಕ್ಕೆ ಮಾತ್ರ ಕೊಳ್ಳುತ್ತೇವೆ. ಅದರ ಹಲವು ಪಟ್ಟು ಬೆಲೆಯ ಹುಲ್ಲಿನ ಮೇಲೆ ಬನ್ನಿ ಉಚ್ಚೆ ಹೊಯ್ದು ಮಲಗುತ್ತದೆ.

ಕಬ್ಬಿನ ಸೀಮೆಯಲ್ಲಿ ಕೂತು ಮೇವಿಗೆ ಅಮೆರಿಕದ ಕಡೆ ನೋಡುವುದೇ? ನನಗೆ ಸ್ವದೇಶಿ ಹುರುಪು ಏರಿತು. ನಮ್ಮಲ್ಲಿ ಮೇವಿಗೆ ಹೆಸರುಗಳಾದರೂ ಎಷ್ಟು! ಜೋಳದ್ದು ಕಣಿಕಿ, ಮರಾಠಿಯಲ್ಲಿ ಕಡಬಾ. ಭತ್ತದ ಹುಲ್ಲು ಪಿಂಜರ. ಕಬ್ಬಿನ ತುದಿಯ ಹಸಿರು ವಾಡೆ, ಒಣಗಿದ ಎಲೆ ರವದಿ. ಶೇಂಗಾ ಹೊಟ್ಟು ಬೇರೆ. ಒಂದೊಂದನ್ನೇ ಮೊಮ್ಮಗಳ ಮುಂದೆ ಇಟ್ಟೆ. ಕಣಿಕಿ ಬಿರುಸು. ಪಿಂಜರದಲ್ಲಿ ಕಸುವಿಲ್ಲ. ಕುದುರೆ ಮೆಂತೆಯಲ್ಲಿ ಕಸುವು ಅತಿ, ಸುಣ್ಣದಂಶವೂ ಅತಿ, ಆರು ತಿಂಗಳೊಳಗಿನ ಮರಿಗಾದರೆ ಸರಿ, ದೊಡ್ಡವಕ್ಕೆ ಬೇಡ. ಮಗಳಿಗೆ ವರ ನೋಡುವಾಗಲೂ ನಾವು ಇಷ್ಟು ಕೊರತೆ ಎಣಿಸಿರಲಿಲ್ಲ. ಕಡೆಗೆ ಪಾಸಾದದ್ದು ಗುಡ್ಡದ ಹುಲ್ಲು. ಸಾಮಾನಗಡದ ಕಡೆಯ ಗುಡ್ಡಗಳಲ್ಲಿ ಮಳೆಗಾಲದಲ್ಲಿ ಬೆಳೆದು ದಸರೆ ಮುಗಿದ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದಲ್ಲ, ಅದು.

ಮೇವಿನವನ ಅಡ್ಡೆಗೆ ಹೋದೆ. ‘ಎಷ್ಟ ದನಾ ಅದಾವ್ರಿ ಗುರುಜಿ?’ ಎಂದು ಕೇಳಿದ.

‘ಎರಡ.’

‘ಆಕಳೋ, ಎಮ್ಮಿಯೋ?’

ಸುತ್ತಲೂ ನೋಡಿ, ದನಿ ಇಳಿಸಿ, ‘ಮೊಲ’ ಎಂದೆ.

ಆತ ಬಾಯಿಯ ತಂಬಾಕು ಉಗುಳಿ ಬಂದು, ಮಗನನ್ನೂ ಕರೆದು ನಿಲ್ಲಿಸಿಕೊಂಡು, ‘ಈಗ ಮತ್ತೊಮ್ಮೆ ಹೇಳ್ರಿ’ ಎಂದ. ನಾನು ಹೇಳಿದೆ, ಒಂದು ಪೆಂಡಿ ಸಾಕೆಂದೂ ಸೇರಿಸಿದೆ. ‘ಒಂದ ಪೆಂಡಿ ಲೆಕ್ಕ ನಮ್ಮಲ್ಲಿ ಇಲ್ಲರಿ. ಇಲ್ಲಿ ಎಲ್ಲಾ ಶೇಕಡಾ ಲೆಕ್ಕ. ನನ್ನ ಮಗಗ ನೀವ ಸಾಲಿ ಕಲಿಸೀರಿ ಅಂತ ಐವತ್ತಕ್ಕ ಒಪ್ಪತೀನಿ’ ಎಂದ. ಮಗ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಶೇಕಡಾ ಲೆಕ್ಕ ಕಲಿಸಿದವನು ನಾನೇ.

ಹೀಗೆ ನಮ್ಮ ಮನೆಗೆ ಟೆಂಪೊ ತುಂಬ ಹುಲ್ಲು ಬಂತು. ಪೆಂಡಿಗೆ 18ರಂತೆ 900 ರೂಪಾಯಿ, ಟೆಂಪೊ 400, ಇಳಿಸಿದವರಿಗೆ 150, ಮೇಲೆ ಹೊದಿಸಲು ತಾಡಪತ್ರಿ 650. ಒಟ್ಟು 2,100. ಪೆಂಡಿಗೆ ಒಂದೂವರೆ ಕಿಲೋ ಹಿಡಿದರೆ 75 ಕಿಲೋ. ಕಿಲೋಗೆ 28 ರೂಪಾಯಿ ಬಿತ್ತು. 780 ಎಲ್ಲಿ, 28 ಎಲ್ಲಿ! ಅಪ್ಪನ ಫೋಟೊದ ಮುಂದೆ ಎದೆ ಸೆಟೆಸಿ ನಿಂತೆ.

ಎಂಟನೆಯ ದಿನ ಅಡ್ಡಮಳಿ ಬಂತು. ತಾಡಪತ್ರಿಯ ಒಂದು ಮೂಲೆ ಎದ್ದು 15 ಪೆಂಡಿ ನೆನೆದು ಬೂಸ್ಟು ಹಿಡಿದವು. ಬೂಸ್ಟು ಹಿಡಿದ ಹುಲ್ಲು ಮೊಲಕ್ಕೆ ವಿಷ, ತಿಪ್ಪೆಗೆ ಹಾಕಿದೆ. ದರ 40ಕ್ಕೆ ಏರಿತು. ಎದುರು ಮನೆಯ ತಾತ್ಯಾನ ಎಮ್ಮೆ ಕಣ್ಣಿ ಹರಿದುಕೊಂಡು ಬಂದು ಒಂದೇ ರಾತ್ರಿಯಲ್ಲಿ ಎಳೆದಾಡಿ ತುಳಿದಾಡಿ ಹತ್ತು ಪೆಂಡಿ ಮುಗಿಸಿತು. ದರ 56. ಬಣವಿಯಲ್ಲಿ ಇಲಿ ಸಂಸಾರ ಹೂಡಿದವು, ಇಲಿಯ ಹಿಂದೆ ಬೆಕ್ಕು ಬಂತು, ಬೆಕ್ಕನ್ನು ಕಂಡು ಮೊಲಗಳು ಕಪಾಟಿನ ಕೆಳಗೆ ಸೇರಿದವು. ನನಗೆ ಧೂಳಿಗೆ ಸೀನು ಹತ್ತಿ ಈ ಸಲ ನಿಜವಾಗಿಯೇ ಆಯುರ್ವೇದದ ಔಷಧ ತರಿಸಬೇಕಾಯಿತು. ಇಷ್ಟಾದ ಮೇಲೆ ಬನ್ನಿ ಮಹಾರಾಯರು ಗುಡ್ಡದ ಹುಲ್ಲನ್ನು ಮೂಸಿ, ಬೆನ್ನು ತಿರುಗಿಸಿ, ಟಿಮೊಥಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನೇ ತಿನ್ನತೊಡಗಿದರು. ಎರಡನ್ನೂ ಬೆರೆಸಿ, ದಿನದಿನಕ್ಕೆ ಪರದೇಶದ್ದನ್ನು ಕಡಿಮೆ ಮಾಡುತ್ತ ಬಂದು, ಹದಿನೈದು ದಿನಕ್ಕೆ ದಾರಿಗೆ ತಂದೆವು. ಮದ್ಯ ಬಿಡಿಸುವವರು ಹೀಗೇ ಮಾಡುತ್ತಾರೇನೋ.

ಇದರ ನಡುವೆ ಇನ್ನೊಂದು ಸಂಗತಿ ತಿಳಿದು ಕಣ್ಣು ಬಿಟ್ಟೆ. ಪರದೇಶದ ಅಂಗಡಿಗಳಲ್ಲಿ ‘ಬರ್ಮುಡಾ’ ಎಂದು ಪೊಟ್ಟಣ ಕಟ್ಟಿ ಮೊಲಕ್ಕೂ ಕುದುರೆಗೂ ಮಾರುವ ಒಣಹುಲ್ಲು ಬೇರೇನೂ ಅಲ್ಲ, ನಮ್ಮ ಕರಕಿ. ಗಣಪತಿಗೆ ಏರಿಸುವ ದೂರ್ವೆ! ಚೌತಿಯಲ್ಲಿ 21 ಎಸಳು ಹುಡುಕಲು ಹುಡುಗರನ್ನು ಓಡಿಸುತ್ತೇವಲ್ಲ, ಅದೇ. ಹೊಲದ ಬದುವಿನಲ್ಲಿ ಎಲ್ಲರೂ ಬೈಯುತ್ತ ಕಿತ್ತೆಸೆಯುವುದೂ ಅದನ್ನೇ. ಮರುದಿನವೇ ಕುಡುಗೋಲು ಹಿಡಿದು ಹೊರಟೆ. ಮೊದಲ ಹೊಲದವನು, ‘ಗುರುಜಿ, ಕಬ್ಬಿಗೆ ಕಸದ ಎಣ್ಣಿ ಹೊಡದೇವಿ, ಅಲ್ಲಿಂದು ಬ್ಯಾಡ’ ಎಂದ. ಎರಡನೆಯವನು, ‘ಬೇಕಾದಷ್ಟ ಒಯ್ರಿ, ಹುಲ್ಲಿಗೇನ ರೊಕ್ಕ’ ಎಂದ. ಅಪ್ಪನ ಮಾತೇ ಎದುರು ನಿಂತು ಕರೆದಂತಾಯಿತು. ಹುರುಪಿನಿಂದ ಬಗ್ಗಿದೆ. ಏಳಲು ಇಬ್ಬರು ಬೇಕಾದರು. ಕರಕಿಗೆ ಬೆಲೆಯಿಲ್ಲ ನಿಜ, ಬೆಲೆ ಇರುವುದು ಬಗ್ಗುವುದಕ್ಕೆ.

ಹುಲ್ಲು ಇಂದಿಗೂ ಅಪ್ಪನ ಕಾಲದಷ್ಟೇ ಅಗ್ಗ ಎಂದು ನನಗೀಗ ಅನಿಸುತ್ತದೆ. ದುಬಾರಿಯಾದದ್ದು ‘ಒಂದೇ ಒಂದು ಕಿಲೋ, ಮನೆ ಬಾಗಿಲಿಗೆ’ ಎಂಬ ಮಾತು. ನಾಲ್ಕು ಎತ್ತಿನವನಿಗೆ ಬಣವಿಯೇ ಸಲೀಸು, ಎರಡು ಮೊಲದವನಿಗೆ ಪೊಟ್ಟಣವೇ ಸಲೀಸು. ಸಣ್ಣ ಗಿರಾಕಿ ಕೊಡುವುದು ಹುಲ್ಲಿನ ಬೆಲೆಯಲ್ಲ, ತಾನು ಸಣ್ಣವನಾದ ದಂಡ. ಇದಕ್ಕೆ ಮದ್ದು ಒಂದೇ, ಸಣ್ಣವರು ನಾಲ್ಕು ಮಂದಿ ಕೂಡುವುದು.

ಆದ್ದರಿಂದ ಗಡಹಿಂಗ್ಲಜದಲ್ಲಾಗಲಿ, ಗಡಿ ದಾಟಿ ಸಂಕೇಶ್ವರದಲ್ಲಾಗಲಿ ಮೊಲ ಸಾಕಿದವರು ಇದ್ದರೆ ತಿಳಿಸಿ. ಮುಂದಿನ ದಸರೆ ಮುಗಿದ ಮೇಲೆ ಪೂರಾ ನೂರು ಪೆಂಡಿ ತರಿಸುವವನಿದ್ದೇನೆ, ಶೇಕಡಾ ಲೆಕ್ಕದಲ್ಲೇ. ತಾಡಪತ್ರಿ ನನ್ನದು, ಟೆಂಪೊ ಬಾಡಿಗೆ ಎಲ್ಲರದು. ಸದ್ಯಕ್ಕೆ ಬಣವಿಯಲ್ಲಿ ಇನ್ನೂ ಕೆಲವು ಪೆಂಡಿ ಉಳಿದಿವೆ. ಬೇಕಾದವರು ಚೀಲ ಹಿಡಿದುಕೊಂಡು ಬನ್ನಿ. ಇದು ನಿಮ್ಮನ್ನು ಕರೆದದ್ದು, ಮೊಲವನ್ನಲ್ಲ.