ಹಸಿರು ವೈರಿನ ರಾಯರು

ಗುಂಡಿ ಒತ್ತಿದರೂ ಕಂಪ್ಯೂಟರ್ ಮಿಸುಕಾಡದಿದ್ದರೆ ಮನೆಯವರಿಗೆ ಸಂಕಟ, ರಾಯರಿಗೆ ಸಂಭ್ರಮ. ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜೇಬಿನಲ್ಲಿ ಟೆಸ್ಟರ್, ಸ್ಕೂಟರಿನ ಡಿಕ್ಕಿಯಲ್ಲಿ ಮಲ್ಟಿಮೀಟರ್. ಕರೆಯಲೇಬೇಕೆಂದಿಲ್ಲ, ಸುಟ್ಟ ವಾಸನೆ ಅವರಿಗೆ ಹೇಗೋ ಮುಟ್ಟಿರುತ್ತದೆ.

ಬಂದವರು ಸಿಪಿಯು ಮುಟ್ಟುವುದಿಲ್ಲ. ಮೊದಲು ವಿಚಾರಣೆ. "ಹೋಗೋ ಮುಂಚೆ ಸದ್ದು ಬಂತಾ? ಢಬ್ ಅಂತಲೋ, ಚಟ್ ಅಂತಲೋ? ಕರೆಂಟು ಹೋಗಿ ಬಂದಿತ್ತಾ? ಮೌಸಿನ ದೀಪ ಉರೀತಾ ಇದೆಯಾ?" ಕೊನೆಯ ಪ್ರಶ್ನೆಗೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ರಾಯರಿಗೆ ಬೇಕಾದದ್ದೂ ಅದೇ. ಕಂಪ್ಯೂಟರ್ ಆಫ್ ಆಗಿದ್ದರೂ ನೇರಳೆ ವೈರಿನಲ್ಲಿ 5 ವೋಲ್ಟ್ ಎಚ್ಚರವಾಗಿಯೇ ಇರುತ್ತದೆ, ಅದೂ ಸತ್ತಿದ್ದರೆ ಅನುಮಾನ ಕರೆಂಟು ಹಂಚುವ ಡಬ್ಬವಾದ ಎಸ್‌ಎಂಪಿಎಸ್ ಮೇಲೆ ಎಂದು ವಿವರಿಸುವಷ್ಟರಲ್ಲಿ ಮೊದಲನೇ ಕಾಫಿ ಮುಗಿದಿರುತ್ತದೆ.

ಹೇಳುವುದೆಲ್ಲ ಸರಿಯಾಗಿಯೇ ಇರುವುದು ಅವರೊಂದಿಗಿನ ನಿಜವಾದ ಕಷ್ಟ. ತಪ್ಪು ಹೇಳುವವರನ್ನು ಹೇಗಾದರೂ ಸಾಗಹಾಕಬಹುದು.

ಆಮೇಲೆ ಪಿನ್ನಿನ ಅಧ್ಯಾಯ. ಮದರ್‌ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಕಿತ್ತು, ಅದರ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಸೇರಿಸಿದರೆ ಎಸ್‌ಎಂಪಿಎಸ್ ತಾನಾಗಿಯೇ ಓಡಬೇಕು. "ಒಂದು ಹೇರ್‌ಪಿನ್ ಕೊಡಿಮ್ಮ." ಹೇರ್‌ಪಿನ್ ಈಗ ಯಾರ ಮನೆಯಲ್ಲಿದೆ? ಪ್ಲಾಸ್ಟಿಕ್ ಕ್ಲಿಪ್ಪು ಬರುತ್ತದೆ, ರಬ್ಬರ್ ಬ್ಯಾಂಡ್ ಬರುತ್ತದೆ, ಕೊನೆಗೆ ಅಜ್ಜಿ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ಬಿಚ್ಚಿಕೊಡುತ್ತಾರೆ. ರಾಯರು ಅದನ್ನು ಬಗ್ಗಿಸಿ ಸಿಕ್ಕಿಸಿ, "ಎಲ್ಲ ದೂರ ನಿಲ್ಲಿ" ಎಂದು ಸ್ವಿಚ್ ಹಾಕುತ್ತಾರೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. "ಹೋಗಿದೆ!" ಗೆದ್ದವರ ದನಿ. ಪೂರ್ತಿ ತಿರುಗಿದ್ದರೂ ಅವರು ಬಿಡುತ್ತಿರಲಿಲ್ಲವೆನ್ನಿ. ಲೋಡ್ ಬಿದ್ದಾಗಲೂ 12 ವೋಲ್ಟು 11.4ಕ್ಕಿಂತ ಕೆಳಗಿಳಿಯಕೂಡದು, ಶೇ 5ರಷ್ಟೇ ರಿಯಾಯಿತಿ ಎಂಬ ಉಪನ್ಯಾಸ ತಯಾರಿತ್ತು.

ಮನೆಯ ಹುಡುಗ ಆ ಡಬ್ಬದ ಸ್ಕ್ರೂಗೆ ಕೈಹಾಕಿದಾಗ ಮಾತ್ರ ರಾಯರು ನಿಜಕ್ಕೂ ಗದರುತ್ತಾರೆ. ಗೋಡೆಯ 230 ವೋಲ್ಟು ಒಳಗೆ ಡಿಸಿಯಾಗಿ 325ರ ಆಸುಪಾಸಿನಲ್ಲಿ ಕೆಪಾಸಿಟರಿನೊಳಗೆ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೀತು. ಇಲ್ಲಿ ಹಾಸ್ಯವಿಲ್ಲ.

"ಮೊಬೈಲಲ್ಲೇ ಆರ್ಡರ್ ಮಾಡಿಬಿಡ್ತೀನಿ ಅಂಕಲ್" ಎಂದರೆ ಅವರ ಮುಖ ಸಪ್ಪಗಾಗುತ್ತದೆ. "ಕೈಯಲ್ಲಿ ಹಿಡಿದು ನೋಡದೇ ಎಸ್‌ಎಂಪಿಎಸ್ ತಗೋತಾರೇನಪ್ಪ?" ಸರಿ, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಸವಾರಿ. ಅಂಗಡಿಯಲ್ಲಿ ಒಂದೊಂದನ್ನೂ ಸಂತೆಯ ತೆಂಗಿನಕಾಯಿಯಂತೆ ಅಂಗೈಯಲ್ಲಿ ತೂಗುತ್ತಾರೆ. ಹಗುರವಾಗಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರು, ಹೀಟ್‌ಸಿಂಕು ಎಲ್ಲ ಬಡಕಲು ಎಂಬ ಗುಮಾನಿ. ಪೆಟ್ಟಿಗೆಯ ಮೇಲೆ 450 ವಾಟ್ ಎಂದು ದಪ್ಪಕ್ಷರ. ರಾಯರು ಕನ್ನಡಕ ಹಣೆಗೇರಿಸಿ ಪಕ್ಕದ ಲೇಬಲ್ಲಿನ ಸಣ್ಣಕ್ಷರ ಓದುತ್ತಾರೆ. 12 ವೋಲ್ಟಿಗೆ 16 ಆಂಪಿಯರ್.

"ಹನ್ನೆರಡು ಹದಿನಾರ್ಲೆ ನೂರತೊಂಬತ್ತೆರಡು. ಈಗಿನ ಕಂಪ್ಯೂಟರ್ ಉಣ್ಣೋದೇ ಈ 12 ವೋಲ್ಟು. ಮಿಕ್ಕ ವಾಟ್ ಎಲ್ಲಪ್ಪ?"

"ಸಾರ್, ಎಲ್ರೂ ಅದನ್ನೇ ತಗೊಂಡೋಗ್ತಾರೆ. ಒಬ್ರೂ ವಾಪಸ್ ತಂದಿಲ್ಲ."

"ತರೋಕೆ ಕಂಪ್ಯೂಟರ್ ಉಳಿದಿದ್ರೆ ತಾನೆ?"

ಕಡೆಗೆ ಕರೆಂಟು ಕಡಿಮೆ ಪೋಲು ಮಾಡುವ 80 ಪ್ಲಸ್ ಗುರುತಿನದೇ ಆಗಬೇಕೆಂದು ಹಟ. ಬೆಲೆ ಕೇಳಿ ಜೊತೆಗೆ ಬಂದ ಯಜಮಾನರು ಬೀದಿಯ ಕಡೆ ನೋಡುತ್ತಾರೆ. ದುಡ್ಡು ಅವರದು, ಗೆಲುವು ರಾಯರದು. ಅದಿರಲಿ, ಆ ಸರಕು ವರ್ಷಗಟ್ಟಲೆ ಬಾಳುತ್ತದೆ ಎಂಬುದನ್ನೂ ಒಪ್ಪಬೇಕು.

ಜೋಡಿಸುವಾಗ ರಾಯರ ತುಟಿ ಅಲ್ಲಾಡುತ್ತಿರುತ್ತದೆ: "ಕಪ್ಪು ಕಪ್ಪು ಮಧ್ಯಕ್ಕೆ." ಹಿಂದಿನ ಎಟಿ ಮಾದರಿಯ ಕಂಪ್ಯೂಟರಿಗೆ ಎರಡು ಕನೆಕ್ಟರುಗಳಿದ್ದವು; ಕಪ್ಪು ವೈರುಗಳು ನಡುವೆ ಬರದೆ ಅದಲುಬದಲಾದರೆ ಮದರ್‌ಬೋರ್ಡಿಗೇ ಗಂಡಾಂತರ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಮಾದರಿ ತಂದಮೇಲೆ ಆ ಭಯವಿಲ್ಲ, ತಿರುಗುಮುರುಗಾದರೆ ಕನೆಕ್ಟರ್ ಒಳಗೇ ಹೋಗದು. ಮಂತ್ರ ಮಾತ್ರ ನಿಂತಿಲ್ಲ.

ಸತ್ತ ಡಬ್ಬ ಬಟ್ಟೆಚೀಲ ಸೇರಿ ರಾಯರ ಮನೆಗೆ ಹೋಗುತ್ತದೆ. ಅಟ್ಟದ ಮೇಲೆ ಜಾಗವಿಲ್ಲವೆಂದು ಅವರ ಹೆಂಡತಿ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಾಲ್ಕು ದಿನ ಕಳೆದು ಮರಣೋತ್ತರ ವರದಿ ಬರುತ್ತದೆ: ಹೊಟ್ಟೆ ಉಬ್ಬಿದ ಎರಡು ಕೆಪಾಸಿಟರ್, ಒಣಗಿದ ಹಲ್ಲಿ ಒಂದು, ಆಯುಧಪೂಜೆಯ ಅಕ್ಷತೆ ಒಂದು ಹಿಡಿ. "ನಮಸ್ಕಾರ ಹೊರಗಿಂದ ಮಾಡಿ ಅಂತ ಎಷ್ಟು ಸಲ ಹೇಳಿದ್ದೀನಿ!"

ಫ್ಯಾನು ಚೆನ್ನಾಗಿತ್ತು. ಅದನ್ನು ಬೀದಿ ಕೊನೆಯಲ್ಲಿ ಮುಸುಕಿನ ಜೋಳ ಸುಡುವಾಕೆಗೆ ಕೊಟ್ಟಿದ್ದಾರೆ. ಹಳೇ ಬ್ಯಾಟರಿಗೆ ಸಿಕ್ಕಿಸಿದರೆ ಕೆಂಡಕ್ಕೆ ಬೀಸಣಿಗೆ ಬೇಡ. ಮೊನ್ನೆ ಸಂಜೆ ರಾಯರು ಆ ಗಾಡಿಯ ಮುಂದೆ ಬಗ್ಗಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದಿದ್ದರು.

"11.2! ಲೆಕ್ಕಪ್ರಕಾರ ಇದು ಫೇಲು ಕಣಮ್ಮ."

"ಕೆಂಡ ಉರೀತಾ ಅದಲ್ಲ ಸಾಮಿ. ನಿಮ್ದಕ್ಕೆ ಖಾರ ಹಚ್ಲಾ, ಬ್ಯಾಡ್ವಾ?"